ತಾಳಮದ್ದಳೆಯ ಹಳೆಯ ಡಿಸ್ಕುಗಳನ್ನು ಓದಿಸಲು ಯಾವ ಡ್ರೈವ್? 52 ಎಕ್ಸ್, 24 ಎಕ್ಸ್, 8 ಎಕ್ಸ್‌ಗಳ ಹೋಲಿಕೆ

ಬದಿಯಡ್ಕದ ಗ್ರಂಥಪಾಲಕ:
ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳ ಜೊತೆಗೆ ಡಿಸ್ಕುಗಳ ಒಂದು ಕಪಾಟೂ ಇದೆ. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಊರವರು ಕೊಡುತ್ತ ಬಂದ ತಾಳಮದ್ದಳೆಯ ಆಡಿಯೊ ಸಿ.ಡಿ.ಗಳು, ರಾತ್ರಿಯಿಡೀ ನಡೆದ ಯಕ್ಷಗಾನ ಆಟಗಳ ವಿ.ಸಿ.ಡಿ. (ಸಿ.ಡಿ.ಯಲ್ಲೇ ವಿಡಿಯೊ ತುಂಬಿದ ಡಿಸ್ಕು) ಕಟ್ಟುಗಳು, ಬ್ರಹ್ಮಕಲಶೋತ್ಸವಗಳ ಡಿ.ವಿ.ಡಿ.ಗಳು, ಹಸ್ತಪ್ರತಿಯಲ್ಲಿದ್ದ ಪ್ರಸಂಗಗಳ ಪುಟಗಳನ್ನು ಫೋಟೊ ತೆಗೆದು ತುಂಬಿಸಿಟ್ಟ ಸಿ.ಡಿ.ಗಳು ಅದರಲ್ಲಿವೆ. ಕೆಲವು ಡಿಸ್ಕುಗಳ ಅಂಚಿನಲ್ಲಿ ಬೂಸ್ಟು ಕಾಣಿಸಿಕೊಂಡಿರುವುದರಿಂದ, ಮುಂದಿನ ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಇಳಿಸಬೇಕೆಂದು ಸಮಿತಿಯಲ್ಲಿ ತೀರ್ಮಾನವಾಗಿದೆ.

ಡ್ರೈವಿನ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಹಳೆಯ ಕಂಪ್ಯೂಟರಿನಲ್ಲಿ 52 ಎಕ್ಸ್ ಎಂದು ಬರೆದಿರುವ, ಐ.ಡಿ.ಇ. ಎಂಬ ಹಳೆಯ ಬಗೆಯ ಜೋಡಣೆಯ ಸಿ.ಡಿ. ಡ್ರೈವ್ ಒಂದಿದೆ. ಹೊಸದಾಗಿ ಕೊಳ್ಳುವುದಾದರೆ ಕ್ಯಾಬಿನೆಟ್ಟಿನ ಒಳಗೆ ಕೂರಿಸುವ 24 ಎಕ್ಸ್ ಡಿ.ವಿ.ಡಿ. ರೈಟರ್, ಯು.ಎಸ್.ಬಿ.ಗೆ ಸಿಕ್ಕಿಸುವ 8 ಎಕ್ಸ್‌ನ ತೆಳು ಡ್ರೈವ್, ಬ್ಲೂ-ರೇ ರೈಟರ್ ಎಂಬ ಮೂರು ದಾರಿಗಳು ಕಾಣುತ್ತಿವೆ. ದೊಡ್ಡ ಅಂಕೆ ಇರುವುದನ್ನೇ ತೆಗೆದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಸಮಿತಿಯ ಹಲವರ ಅಭಿಪ್ರಾಯ. ಅದು ಸರಿಯೇ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉಪ್ಪಳದ ಕಂಪ್ಯೂಟರ್ ರಿಪೇರಿಯವನು:
ಗ್ರಂಥಪಾಲಕರೇ, ಮೊದಲಿಗೆ ಆ ಮೂರು ಅಂಕೆಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವುದನ್ನು ಬಿಡಬೇಕು, ಏಕೆಂದರೆ ಒಂದೊಂದು ಬಗೆಯ ಡಿಸ್ಕಿಗೆ ‘1 ಎಕ್ಸ್’ ಎಂಬುದರ ಅಳತೆಯೇ ಬೇರೆ. ಸಿ.ಡಿ.ಯಲ್ಲಿ 1 ಎಕ್ಸ್ ಎಂದರೆ ಸೆಕೆಂಡಿಗೆ 150 ಕೆ.ಬಿ.; ಹಾಡು ಕೇಳುವ ಪ್ಲೇಯರ್ ಡಿಸ್ಕನ್ನು ಓದುವ ವೇಗವದು. ಡಿ.ವಿ.ಡಿ.ಯಲ್ಲಿ 1 ಎಕ್ಸ್ ಎಂದರೆ ಸುಮಾರು 1,385 ಕೆ.ಬಿ., ಅಂದರೆ ಸಿ.ಡಿ.ಯದರ ಒಂಬತ್ತರಷ್ಟು. ಬ್ಲೂ-ರೇಯಲ್ಲಿ ಅದು 4.5 ಎಂ.ಬಿ. ಈ ಲೆಕ್ಕದಲ್ಲಿ 52 ಎಕ್ಸ್ ಸಿ.ಡಿ. ಡ್ರೈವಿನ ಗರಿಷ್ಠ ವೇಗ ಸೆಕೆಂಡಿಗೆ 7.8 ಎಂ.ಬಿ. ಆದರೆ, 8 ಎಕ್ಸ್‌ನ ತೆಳು ಡ್ರೈವ್ ಡಿ.ವಿ.ಡಿ.ಯನ್ನು 11 ಎಂ.ಬಿ. ವೇಗದಲ್ಲಿ ಓದಬಲ್ಲದು. ಚಿಕ್ಕ ಅಂಕೆಯ ಡ್ರೈವೇ ಇಲ್ಲಿ ಹೆಚ್ಚು ಮಾಹಿತಿಯನ್ನು ತರುತ್ತದೆ.

ಇದರ ಕಾರಣ ಡಿಸ್ಕಿನ ಮೈಯಲ್ಲಿದೆ. ಸಿ.ಡಿ.ಯಲ್ಲಿ ಮಾಹಿತಿಯ ಗುರುತುಗಳು ಕುಳಿತಿರುವ ಸುರುಳಿಯ ಎರಡು ಸಾಲುಗಳ ನಡುವಿನ ಅಂತರ 1.6 ಮೈಕ್ರೊಮೀಟರ್, ಅದನ್ನು 780 ನ್ಯಾನೊಮೀಟರ್ ತರಂಗಾಂತರದ ಲೇಸರ್ ಓದುತ್ತದೆ. ಡಿ.ವಿ.ಡಿ.ಯಲ್ಲಿ ಅಂತರ 0.74 ಮೈಕ್ರೊಮೀಟರ್, ಲೇಸರ್ 650 ನ್ಯಾನೊಮೀಟರಿನದು, ಬ್ಲೂ-ರೇಯಲ್ಲಿ 0.32 ಮೈಕ್ರೊಮೀಟರ್, ಲೇಸರ್ 405 ನ್ಯಾನೊಮೀಟರಿನದು. ಗುರುತುಗಳು ಒತ್ತೊತ್ತಾಗಿ ಕುಳಿತಷ್ಟೂ ಒಂದು ಸುತ್ತಿನಲ್ಲಿ ಹೆಚ್ಚು ಮಾಹಿತಿ ಸಿಗುತ್ತದೆ. ಡಿಸ್ಕು ತಿರುಗುವ ವೇಗಕ್ಕಾದರೋ ಒಂದು ಮಿತಿಯಿದೆ. 52 ಎಕ್ಸ್‌ನಲ್ಲಿ ಸಿ.ಡಿ., 16 ಎಕ್ಸ್‌ನಲ್ಲಿ ಡಿ.ವಿ.ಡಿ., 12 ಎಕ್ಸ್‌ನಲ್ಲಿ ಬ್ಲೂ-ರೇ ಎಲ್ಲವೂ ನಿಮಿಷಕ್ಕೆ ಹೆಚ್ಚುಕಡಿಮೆ ಹತ್ತು ಸಾವಿರ ಸುತ್ತುಗಳ ಆಸುಪಾಸಿನಲ್ಲೇ ತಿರುಗುತ್ತವೆ. ಅದಕ್ಕಿಂತ ಜೋರಾಗಿ ತಿರುಗಿಸಿದರೆ ಪಾಲಿಕಾರ್ಬೊನೇಟ್ ಡಿಸ್ಕು ತಾಳುವುದಿಲ್ಲ. ಒಳಅಂಚಿನಲ್ಲಿ ಬಿರುಕಿರುವ ಡಿಸ್ಕು ಈ ವೇಗದಲ್ಲೇ ಡ್ರೈವಿನೊಳಗೆ ಚೂರುಚೂರಾಗುವುದುಂಟು. ಆದುದರಿಂದ ಸಿ.ಡಿ. ಡ್ರೈವುಗಳ ಸ್ಪರ್ಧೆ 52 ಎಕ್ಸ್‌ನ ಹತ್ತಿರ ನಿಂತಿತು. ತಿರುಗುವ ವೇಗವನ್ನು ಏರಿಸದೆ ಏಳು ಕಿರಣಗಳಿಂದ ಏಕಕಾಲಕ್ಕೆ ಹಲವು ಸಾಲುಗಳನ್ನು ಓದುವ ಕೆನ್‌ವುಡ್ ಕಂಪನಿಯ ‘ಟ್ರೂ-ಎಕ್ಸ್’ ಡ್ರೈವ್ 72 ಎಕ್ಸ್‌ವರೆಗೂ ಹೋಗಿತ್ತು; ಸೊಗಸಾದ ಯೋಚನೆಯಾಗಿದ್ದರೂ ಆ ದಾರಿ ಮುಂದುವರಿಯಲಿಲ್ಲ.

ಇನ್ನೊಂದು ಮಾತು. ಡಬ್ಬಿಯ ಮೇಲಿನ ಅಂಕೆ ಡಿಸ್ಕಿನ ಹೊರಅಂಚಿನಲ್ಲಿ ಮಾತ್ರ ಸಿಗುವ ವೇಗ. ಡಿಸ್ಕು ಒಂದೇ ಗತಿಯಲ್ಲಿ ತಿರುಗುವಾಗ ಒಳಭಾಗದ ಚಿಕ್ಕ ಸುತ್ತಿನಲ್ಲಿ ಲೇಸರಿನ ಕೆಳಗೆ ಹಾದುಹೋಗುವ ಉದ್ದ ಕಡಿಮೆ. 52 ಎಕ್ಸ್ ಡ್ರೈವ್ ಒಳಗಡೆ ಸುಮಾರು 22 ಎಕ್ಸ್‌ನಿಂದ ಆರಂಭಿಸುತ್ತದೆ. 16 ಎಕ್ಸ್‌ನಲ್ಲಿ ಓದುವ ಡಿ.ವಿ.ಡಿ. ಡ್ರೈವ್ ಸುಮಾರು 7 ಎಕ್ಸ್‌ನಿಂದ. ಡಿಸ್ಕಿನಲ್ಲಿ ಮಾಹಿತಿ ತುಂಬುವುದು ಒಳಗಿನಿಂದ ಹೊರಕ್ಕೆ ಆದುದರಿಂದ, ಅರ್ಧ ಮಾತ್ರ ತುಂಬಿದ ಡಿಸ್ಕು ಆ ಗರಿಷ್ಠ ವೇಗವನ್ನು ಒಮ್ಮೆಯೂ ಮುಟ್ಟುವುದಿಲ್ಲ.

24 ಎಕ್ಸ್ ಎಂಬುದು ಡಿ.ವಿ.ಡಿ.-ಆರ್ ಡಿಸ್ಕಿನ ಮೇಲೆ ಬರೆಯುವ ವೇಗ ಎಂಬುದನ್ನೂ ಗಮನಿಸಿ. ಅದೇ ಡ್ರೈವ್ ಡಿ.ವಿ.ಡಿ.ಯನ್ನು ಓದುವುದು 16 ಎಕ್ಸ್‌ನಲ್ಲಿ, ಸಿ.ಡಿ.ಯನ್ನು 48 ಎಕ್ಸ್‌ನಲ್ಲಿ. ನಿಮಗೆ ಬೇಕಾಗಿರುವುದು ಓದುವ ಕೆಲಸವಾದ್ದರಿಂದ ಆ 24ನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕುಂಬಳೆಯ ಸಂಗ್ರಾಹಕ:
ಉಪ್ಪಳದವರ ವಿವರಣೆ ಸ್ಪಷ್ಟವಾಗಿದೆ. ಆದರೂ ನೂರಾರು ಡಿಸ್ಕುಗಳ ಕೆಲಸದಲ್ಲಿ ವೇಗಕ್ಕೆ ಬೆಲೆಯೇ ಇಲ್ಲವೆಂದು ನಾನು ಒಪ್ಪಲಾರೆ. ಗ್ರಂಥಾಲಯದಲ್ಲಿ ಈ ಕೆಲಸಕ್ಕೆ ಕೂರುವವರು ಸಂಜೆ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯಲ್ಲಿ ಮನೆಮನೆಗಳಲ್ಲೂ ಇಂತಹ ಡಿಸ್ಕುಗಳಿವೆ. ಗ್ರಂಥಾಲಯದ ಕೆಲಸ ಚೆನ್ನಾಗಿ ನಡೆದರೆ ಅವೆಲ್ಲ ಇಲ್ಲಿಗೇ ಬರುತ್ತವೆ. ಒಂದು ಡಿ.ವಿ.ಡಿ.ಗೆ ಐದು ನಿಮಿಷವೋ ಹತ್ತು ನಿಮಿಷವೋ ಎಂಬುದು ಆಗ ದೊಡ್ಡ ವ್ಯತ್ಯಾಸವಾಗುವುದಿಲ್ಲವೆ?

ಉಪ್ಪಳದ ಕಂಪ್ಯೂಟರ್ ರಿಪೇರಿಯವನು:
ಆಗುತ್ತದೆ, ಡಿಸ್ಕು ಹೊಸದರಂತೆ ಇದ್ದರೆ. ನಿಮ್ಮ ಅಂದಾಜೂ ಸರಿಯಾಗಿದೆ: ಪೂರ್ತಿ ತುಂಬಿದ 4.7 ಜಿ.ಬಿ. ಡಿಸ್ಕನ್ನು 16 ಎಕ್ಸ್ ಡ್ರೈವ್ ಐದು ನಿಮಿಷದ ಹತ್ತಿರ ಓದಿ ಮುಗಿಸಿದರೆ, 8 ಎಕ್ಸ್ ಡ್ರೈವಿಗೆ ಹತ್ತು ನಿಮಿಷದ ಹತ್ತಿರ ಬೇಕು.

ಆದರೆ ಗೀರುಬಿದ್ದ, ಬಣ್ಣ ಮಾಸಿದ ಡಿಸ್ಕಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಓದಲಾಗದ ಜಾಗ ಸಿಕ್ಕಿದೊಡನೆ ಡ್ರೈವ್ ಡಿಸ್ಕಿನ ವೇಗವನ್ನು ಇಳಿಸುತ್ತದೆ, ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ, ದಾಟಿದ ಮೇಲೆ ಪುನಃ ವೇಗ ಏರಿಸುತ್ತದೆ, ಮುಂದಿನ ಗೀರಿನಲ್ಲಿ ಮತ್ತೆ ಇಳಿಸುತ್ತದೆ. ಈ ಏರಿಳಿತದಲ್ಲೇ ಹೊತ್ತು ಹೋಗುವುದರಿಂದ, ಮೊದಲೇ ನಿಧಾನಕ್ಕೆ ಕಟ್ಟಿಹಾಕಿದ ಡ್ರೈವ್ ಎಷ್ಟೋ ಬಾರಿ ಬೇಗ ಮುಗಿಸುತ್ತದೆ. ಸಿ.ಡಿ.ಗೆ 8ರಿಂದ 16 ಎಕ್ಸ್, ಡಿ.ವಿ.ಡಿ.ಗೆ 4 ಎಕ್ಸ್ ನಾನು ಸಾಮಾನ್ಯವಾಗಿ ಇಡುವ ಮಿತಿ. ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದು ಎಂದೇನಿಲ್ಲ. ಹಲವು ಡ್ರೈವುಗಳು ಅಷ್ಟು ಕೆಳಗೆ ಇಳಿಯುವುದೂ ಇಲ್ಲ.

ಮಾರುಕಟ್ಟೆಯ ಆಟ, ಉತ್ಸವಗಳ ಡಿ.ವಿ.ಡಿ.ಗಳ ವಿಷಯದಲ್ಲಿ ಇನ್ನೊಂದು ಅಡ್ಡಿಯೂ ಇದೆ. ಪ್ಲೇಯರಿನಲ್ಲಿ ಹಾಕಿ ನೋಡುವ ಬಗೆಯ ವಿಡಿಯೊ ಡಿಸ್ಕು ಎಂದು ಗುರುತಿಸಿದೊಡನೆ, ಸದ್ದು ಕಡಿಮೆಯಾಗಲೆಂದು ಕೆಲವು ಡ್ರೈವುಗಳು ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಅಲ್ಲಿ 16 ಎಕ್ಸ್ ಎಂಬ ಬರಹ ಡಬ್ಬಿಯಲ್ಲೇ ಉಳಿಯುತ್ತದೆ.

ಮುಳ್ಳೇರಿಯದ ಸ್ಟುಡಿಯೊ:
ಯು.ಎಸ್.ಬಿ. ಡ್ರೈವಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಯು.ಎಸ್.ಬಿ. 2.0 ಎಂದರೆ ನಿಧಾನ ಎಂದು ಹೆದರಬೇಕಾಗಿಲ್ಲ. ನಿಜವಾಗಿ ಸಿಗುವ ಸೆಕೆಂಡಿಗೆ 30 ಎಂ.ಬಿ.ಯ ಆಸುಪಾಸಿನ ವೇಗ 8 ಎಕ್ಸ್ ಡಿ.ವಿ.ಡಿ.ಗೆ ಧಾರಾಳ. ತೊಂದರೆ ಬರುವುದು ವಿದ್ಯುತ್ತಿನಲ್ಲಿ. ಯು.ಎಸ್.ಬಿ. 2.0 ಪೋರ್ಟ್ 500 ಮಿಲಿಆಂಪಿಯರ್ ಮಾತ್ರ ಕೊಡುತ್ತದೆ, 3.0 ಪೋರ್ಟ್ 900ರವರೆಗೆ. ಮೋಟಾರು ತಿರುಗಲಾರಂಭಿಸುವಾಗ ಮತ್ತು ಡಿಸ್ಕಿಗೆ ಬರೆಯುವಾಗ ತೆಳು ಡ್ರೈವುಗಳು ಅದಕ್ಕಿಂತ ಹೆಚ್ಚನ್ನು ಕೇಳುವುದರಿಂದ ಕೆಲವಕ್ಕೆ ಎರಡು ತಲೆಯ ಕೇಬಲ್ ಕೊಟ್ಟಿರುತ್ತಾರೆ. ಆ ಎರಡನೆಯ ತಲೆಯನ್ನು ಸಿಕ್ಕಿಸದೆ, ಉದ್ದದ ಎಕ್ಸ್‌ಟೆನ್ಶನ್ ಕೇಬಲಿನಲ್ಲಿ ಡ್ರೈವ್ ಓಡಿಸಿ, ಡಿಸ್ಕೇ ಹಾಳಾಗಿದೆ ಎಂದು ತೀರ್ಮಾನಿಸುವವರನ್ನು ಕಂಡಿದ್ದೇನೆ. ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟಿಗೆ, ಡ್ರೈವಿನದೇ ಗಿಡ್ಡ ಕೇಬಲಿನಲ್ಲಿ ಸಿಕ್ಕಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಗುವ ನಮ್ಮ ಊರುಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಓಡುವ ಡ್ರೈವ್ ಒಂದು ಅನುಕೂಲವೇ ಸರಿ.

ದೊಡ್ಡ ಡ್ರೈವಿನ ಮೋಟಾರಿಗೆ 12 ವೋಲ್ಟ್ ಬೇಕು. ಅದನ್ನು ಯು.ಎಸ್.ಬಿ.ಗೆ ಜೋಡಿಸುವ ಅಡಾಪ್ಟರ್ ಕೊಳ್ಳುವುದಾದರೆ ಪ್ರತ್ಯೇಕ ವಿದ್ಯುತ್ ಪ್ಲಗ್ ಇರುವುದನ್ನೇ ಆರಿಸಿ.

ನಿಮ್ಮಲ್ಲಿ 8 ಸೆಂಟಿಮೀಟರಿನ ಚಿಕ್ಕ ಡಿ.ವಿ.ಡಿ.ಗಳು ಇವೆಯೇ? ಒಂದು ಕಾಲದಲ್ಲಿ ಕೈಕ್ಯಾಮೆರಾಗಳು ನೇರವಾಗಿ ಅವುಗಳ ಮೇಲೆಯೇ ಚಿತ್ರೀಕರಿಸುತ್ತಿದ್ದವು. ಇದ್ದರೆ ಟ್ರೇ ಹೊರಬರುವ ಡ್ರೈವೇ ಬೇಕು. ಸಂದಿಯೊಳಗೆ ಡಿಸ್ಕನ್ನು ಎಳೆದುಕೊಳ್ಳುವ ಬಗೆಯ ಡ್ರೈವಿಗೆ ಅವನ್ನು ಹಾಕಲೇಬಾರದು.

ಪೆರ್ಲದ ಮಾಷ್ಟ್ರು:
ವೇಗದ ಮಾತು ಸಾಕಷ್ಟಾಯಿತು. ಗ್ರಂಥಪಾಲಕರ ಪಟ್ಟಿಯಲ್ಲಿ ನಾಲ್ಕು ಬಗೆಯ ಡಿಸ್ಕುಗಳಿವೆ. ಹಾನಿಯನ್ನು ತಾಳಿಕೊಳ್ಳುವ ಶಕ್ತಿ ನಾಲ್ಕಕ್ಕೂ ಒಂದೇ ಅಲ್ಲ. ಡ್ರೈವನ್ನು ಆರಿಸುವ ಮೊದಲು ಇದನ್ನು ತಿಳಿದುಕೊಳ್ಳುವುದು ಅಗತ್ಯ.

ಎಲ್ಲ ಸಿ.ಡಿ.ಗಳಲ್ಲೂ ದೋಷ ತಿದ್ದುವ ಎರಡು ಹಂತದ ವ್ಯವಸ್ಥೆಯೊಂದಿದೆ. ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನವರೆಗಿನ ಗಾಯವನ್ನು ಅದು ಪೂರ್ತಿಯಾಗಿ ತುಂಬಿಕೊಡಬಲ್ಲದು. ಗೀರು ಅದಕ್ಕಿಂತ ದೊಡ್ಡದಾದರೆ ಹಾಡಿನ ಪ್ಲೇಯರ್ ಅಕ್ಕಪಕ್ಕದ ಧ್ವನಿಯಿಂದ ಅಂದಾಜು ಕಟ್ಟಿ ನುಡಿಸುತ್ತದೆ, ಕೇಳುವವರಿಗೆ ಗೊತ್ತಾಗದೆಯೂ ಇರಬಹುದು. ಫೈಲುಗಳಲ್ಲಿ ಅಂದಾಜು ನಡೆಯದು, ಒಂದು ಅಕ್ಷರ ತಪ್ಪಿದರೂ ಫೋಟೊ ಕೆಡುತ್ತದೆ. ಆದುದರಿಂದ ಫೈಲುಗಳ ಸಿ.ಡಿ.ಯಲ್ಲಿ ಪ್ರತಿ ಸೆಕ್ಟರಿನ (ಡಿಸ್ಕಿನ ಮಾಹಿತಿಯ ಒಂದು ತುಂಡು) 2,352 ಬೈಟುಗಳ ಪೈಕಿ 2,048 ಮಾತ್ರ ಮಾಹಿತಿಗೆ, ಉಳಿದುದರಲ್ಲಿ 276 ಬೈಟುಗಳು ಮೂರನೆಯ ಹಂತದ ತಿದ್ದುಪಡಿಗೆ ಮೀಸಲು. ವಿ.ಸಿ.ಡಿ.ಯ ಚಲನಚಿತ್ರದ ಭಾಗದಲ್ಲಿ ಈ ಮೂರನೆಯ ಹಂತವೇ ಇಲ್ಲ. 74 ನಿಮಿಷದ ಚಿತ್ರವನ್ನು ಒಂದು ಸಿ.ಡಿ.ಯಲ್ಲಿ ತುಂಬಲೆಂದು ಆ ಜಾಗವನ್ನೂ ಚಿತ್ರಕ್ಕೇ ಕೊಟ್ಟಿದ್ದಾರೆ, ಸೆಕ್ಟರಿಗೆ 2,324 ಬೈಟುಗಳಂತೆ. ಹಾಗಾಗಿ ಪ್ಲೇಯರಿನಲ್ಲಿ ಸಣ್ಣ ತೊದಲಿನೊಡನೆ ದಾಟಿಹೋಗುವ ವಿ.ಸಿ.ಡಿ.ಯ ‘ಡ್ಯಾಟ್’ ಫೈಲನ್ನು ಕಂಪ್ಯೂಟರಿನಲ್ಲಿ ನೇರವಾಗಿ ಕಾಪಿ ಮಾಡಹೊರಟರೆ, ಮಧ್ಯದಲ್ಲಿ ದೋಷ ಸೂಚನೆ ಬಂದು ಇಡೀ ಫೈಲೇ ಸಿಗದೆ ಹೋಗುತ್ತದೆ. ಡಿ.ವಿ.ಡಿ.ಯ ವ್ಯವಸ್ಥೆ ಇವೆಲ್ಲಕ್ಕಿಂತ ಗಟ್ಟಿ, ಸುಮಾರು 6 ಮಿಲಿಮೀಟರಿನ ಗಾಯವನ್ನೂ ತಾಳಿಕೊಳ್ಳುತ್ತದೆ.

ಹಾಗಿರುವಾಗ ನಿಮ್ಮ ಕಪಾಟಿನಲ್ಲಿ ಮೊದಲ ಸರದಿ ವಿ.ಸಿ.ಡಿ.ಗಳಿಗೆ, ಎರಡನೆಯದು ಆಡಿಯೊ ಸಿ.ಡಿ.ಗಳಿಗೆ ಸಲ್ಲಬೇಕು ಎಂದು ನನ್ನ ದೃಢವಾದ ಅಭಿಪ್ರಾಯ. ಈ ಎರಡಕ್ಕೂ ಡ್ರೈವಿನಿಂದ ಬೇಕಾದ ಗುಣ ವೇಗವಲ್ಲ. ಹೇಳಿದ ವೇಗದಲ್ಲಿ ನಿಲ್ಲುವುದು, ಸೆಕ್ಟರುಗಳನ್ನು ಇದ್ದಂತೆ ಕಚ್ಚಾ ರೂಪದಲ್ಲೇ ಕೊಡುವುದು, ತಿದ್ದಲಾಗದ ಜಾಗ ಬಂದಾಗ ಅದನ್ನು ಮುಚ್ಚಿಡದೆ ತಿಳಿಸುವುದು, ಇವು ಮುಖ್ಯ.

ನಮ್ಮ ಕೇರಳದ ಶಾಲೆಗಳಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಗ್ನೂ/ಲಿನಕ್ಸ್ ಬಳಕೆಯಲ್ಲಿರುವುದರಿಂದ ಈ ಕೆಲಸದ ಸಲಕರಣೆಗಳನ್ನು ಖರ್ಚಿಲ್ಲದೆ ಹೊಂದಿಸಿಕೊಳ್ಳಬಹುದು. ‘ಇಜೆಕ್ಟ್’ ಆದೇಶಕ್ಕೆ ‘-ಎಕ್ಸ್ 8’ ಎಂದು ಸೇರಿಸಿದರೆ ಸಿ.ಡಿ. ಡ್ರೈವಿನ ವೇಗ 8 ಎಕ್ಸ್‌ಗೆ ಮಿತಿಗೊಳ್ಳುತ್ತದೆ. ವಿ.ಸಿ.ಡಿ.ಗೆ ‘ವಿಸಿಡಿಎಕ್ಸ್‌ರಿಪ್’, ಆಡಿಯೊಗೆ ‘ಸಿಡಿಪ್ಯಾರನೋಯಾ’, ಫೈಲುಗಳ ಸಿ.ಡಿ.ಗೂ ಡಿ.ವಿ.ಡಿ.ಗೂ ‘ಡಿಡಿರೆಸ್ಕ್ಯೂ’ ಇವೆ. ಕೊನೆಯದು ಓದಿದ ಜಾಗ ಯಾವುದು, ಬಿಟ್ಟದ್ದು ಯಾವುದು ಎಂಬ ನಕ್ಷೆಯನ್ನು ಪ್ರತ್ಯೇಕ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಡ್ರೈವಿನಲ್ಲಿ ಓದಿ ಉಳಿದ ಜಾಗಗಳನ್ನು, ಅದೇ ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ, ಅದೇ ನಕ್ಷೆಯನ್ನು ಕೊಟ್ಟು ಭರ್ತಿ ಮಾಡಬಹುದು. ಲೆನ್ಸು, ಲೇಸರು, ಡ್ರೈವನ್ನು ನಡೆಸುವ ಒಳಗಿನ ಸಾಫ್ಟ್‌ವೇರಾದ ಫರ್ಮ್‌ವೇರು ಡ್ರೈವಿನಿಂದ ಡ್ರೈವಿಗೆ ಬೇರೆಯಾಗಿರುವುದರಿಂದ ಒಂದು ಎಡವಿದಲ್ಲಿ ಇನ್ನೊಂದು ದಾಟಿಹೋಗುವುದು ಅಪರೂಪವೇನಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ದೊಡ್ಡ ಅಂಕೆಯ ಒಂದು ಡ್ರೈವಿಗೆ ಹಣ ಹಾಕುವ ಬದಲು, ಬೇರೆ ಬೇರೆ ತಯಾರಿಕೆಯ ಎರಡು ಸಾಧಾರಣ ಡ್ರೈವುಗಳನ್ನು ಇಟ್ಟುಕೊಳ್ಳಿ.

ಕುಂಬಳೆಯ ಸಂಗ್ರಾಹಕ:
ಮಾಷ್ಟ್ರೇ, ಎರಡು ಡ್ರೈವುಗಳ ಮಾತು ನನ್ನ ಪ್ರಶ್ನೆಗೂ ಉತ್ತರವಾಯಿತು. ಎರಡನ್ನೂ ಏಕಕಾಲಕ್ಕೆ ಓಡಿಸಿದರೆ ನಿಧಾನವಾಗಿ ಓದಿದರೂ ಸಂಜೆಯೊಳಗೆ ಆಗುವ ಕೆಲಸ ಕಡಿಮೆಯಾಗುವುದಿಲ್ಲ.

ಆಡಿಯೊ ಸಿ.ಡಿ.ಯ ಬಗ್ಗೆ ಒಂದು ಸಂಶಯ. ವಿಂಡೋಸ್‌ನಲ್ಲಿ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಬಳಸುವವರು, ತಾವು ಇಳಿಸಿದ ಪ್ರತಿ ಸರಿಯಿದೆಯೇ ಎಂಬುದನ್ನು ಅಂತರಜಾಲದ ‘ಆಕ್ಯುರೇಟ್‌ರಿಪ್’ ಸಂಗ್ರಹದೊಡನೆ ತಾಳೆ ನೋಡುತ್ತಾರೆ. ನಮ್ಮ ತಾಳಮದ್ದಳೆಗೆ ಅದು ಒದಗುತ್ತದೆಯೆ?

ಪೆರ್ಲದ ಮಾಷ್ಟ್ರು:
ಒದಗುವ ಸಂಭವ ತೀರ ಕಡಿಮೆ. ಅದೇ ಡಿಸ್ಕನ್ನು ಮೊದಲು ಇಳಿಸಿದ ಬೇರೆಯವರ ಫಲಿತಾಂಶದೊಡನೆ ಹೋಲಿಸುವ ವ್ಯವಸ್ಥೆ ಅದು. ಊರಿನ ಸಂಘವೊಂದು ಕೆಲವೇ ಪ್ರತಿಗಳನ್ನು ಬರೆಸಿ ಹಂಚಿದ ಡಿಸ್ಕನ್ನು ನಿಮಗಿಂತ ಮೊದಲು ಅಲ್ಲಿ ದಾಖಲಿಸಿದವರು ಯಾರಿರುತ್ತಾರೆ? ನಾವು ನಮಗೆ ನಾವೇ ಸಾಕ್ಷಿಯಾಗಬೇಕು. ಒಂದು ಡ್ರೈವಿನಲ್ಲಿ ಓದಿದ್ದನ್ನು ಇನ್ನೊಂದರಲ್ಲೂ ಓದಿಸಿ, ಎರಡು ಪ್ರತಿಗಳ ಚೆಕ್‌ಸಮ್ (ಫೈಲಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ. ಡ್ರೈವಿನಿಂದ ಡ್ರೈವಿಗೆ ಆಡಿಯೊ ಆರಂಭವಾಗುವ ಬಿಂದು ತುಸು ಹಿಂದೆ ಮುಂದೆ ಇರುತ್ತದೆ. ಆ ವ್ಯತ್ಯಾಸವನ್ನು ಸಾಫ್ಟ್‌ವೇರಿನಲ್ಲಿ ಮೊದಲೇ ಹೊಂದಿಸದಿದ್ದರೆ ಸರಿಯಾದ ಎರಡು ಪ್ರತಿಗಳೂ ಬೇರೆ ಎಂದು ತೋರುತ್ತವೆ.

ಬದಿಯಡ್ಕದ ಗ್ರಂಥಪಾಲಕ:
ತುಂಬ ಉಪಕಾರವಾಯಿತು. ಇನ್ನೂ ಮೂರು ವಿಷಯ ಕೇಳುವುದಿದೆ. ನಮ್ಮ ಡಿಸ್ಕುಗಳ ಮೇಲೆ ಗ್ರಂಥಾಲಯದ ಕ್ರಮಸಂಖ್ಯೆಯ ಕಾಗದದ ಚೀಟಿ ಅಂಟಿಸಿದೆ, ಅದರಿಂದ ಬಾಧಕವಿದೆಯೆ? ಬೂಸ್ಟನ್ನು ಹೇಗೆ ಒರೆಸಬೇಕು? ಬ್ಲೂ-ರೇ ರೈಟರ್ ಕೊಂಡರೆ ಮುಂದೆ ಎಲ್ಲವನ್ನೂ ಕೆಲವೇ ಡಿಸ್ಕುಗಳಲ್ಲಿ ಬರೆದಿಡಬಹುದಲ್ಲವೆ ಎಂದು ಅಧ್ಯಕ್ಷರು ಕೇಳಿದ್ದಾರೆ.

ಉಪ್ಪಳದ ಕಂಪ್ಯೂಟರ್ ರಿಪೇರಿಯವನು:
ಚೀಟಿ ಒಂದು ಬದಿಗಿದ್ದರೆ ಡಿಸ್ಕಿನ ತೂಕ ಸಮನಾಗಿರುವುದಿಲ್ಲ. 8 ಎಕ್ಸ್‌ನಲ್ಲಿ ಅದು ತಿಳಿಯುವುದಿಲ್ಲ. 48 ಎಕ್ಸ್‌ನಲ್ಲಿ ಇಡೀ ಕ್ಯಾಬಿನೆಟ್ಟೇ ನಡುಗುತ್ತದೆ, ಆ ನಡುಕದಲ್ಲಿ ಲೇಸರ್ ತನ್ನ ಸಾಲನ್ನು ಹಿಡಿದು ನಿಲ್ಲಲಾರದು. ಹಾಗೆಂದು ಚೀಟಿಯನ್ನು ಕೀಳಲು ಹೋಗಬೇಡಿ. ಸಿ.ಡಿ.ಯಲ್ಲಿ ಬೆಳಕನ್ನು ಪ್ರತಿಫಲಿಸುವ ಪದರ ಇರುವುದು ಚೀಟಿಯ ಬದಿಯಲ್ಲೇ, ತೆಳುವಾದ ಒಂದು ಮೆರುಗಿನ ಕೆಳಗೆ. ಅಂಟಿನೊಡನೆ ಅದೂ ಎದ್ದು ಬಂದರೆ ಯಾವ ಡ್ರೈವಿನಿಂದಲೂ ಆ ಜಾಗವನ್ನು ಓದಿಸಲು ಸಾಧ್ಯವಿಲ್ಲ. ಡಿ.ವಿ.ಡಿ.ಯಲ್ಲಿ ಆ ಪದರ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ. ಅಂಟಿಸಿದ ಡಿಸ್ಕುಗಳನ್ನು ತೆಳು ಡ್ರೈವಿನಲ್ಲೇ ಓದಿಸಿ. ಸಿ.ಡಿ. ಓದುವಾಗ ಅದರ ಗರಿಷ್ಠ ವೇಗವಾದ 24 ಎಕ್ಸ್‌ನಲ್ಲೂ ಡಿಸ್ಕು ದೊಡ್ಡ ಡ್ರೈವಿನ ಅರ್ಧದಷ್ಟೇ ಜೋರಾಗಿ ತಿರುಗುತ್ತದೆ.

ಬೂಸ್ಟು ಮೇಲ್ಮೈಯಲ್ಲಿದ್ದರೆ ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿಕ್ಕಬಾರದು. ಸುರುಳಿಯ ಉದ್ದಕ್ಕೆ ಬಿದ್ದ ಗೀರು ಒಂದೇ ಜಾಗದ ಮಾಹಿತಿಯನ್ನು ಸಾಲಾಗಿ ನುಂಗುತ್ತದೆ. ಅಡ್ಡ ಬಿದ್ದ ಗೀರನ್ನು ಮಾಷ್ಟ್ರು ಹೇಳಿದ ತಿದ್ದುಪಡಿಯ ವ್ಯವಸ್ಥೆ ಸುಲಭವಾಗಿ ದಾಟುತ್ತದೆ. ಪೂರ್ತಿ ಒಣಗುವವರೆಗೆ ಡ್ರೈವಿಗೆ ಹಾಕಬೇಡಿ. ಬೂಸ್ಟು ಪದರದೊಳಗೇ ಇಳಿದಿದ್ದರೆ ಒರೆಸಿ ಪ್ರಯೋಜನವಿಲ್ಲ.

ಇನ್ನು ಐ.ಡಿ.ಇ. ಡ್ರೈವ್. ಅದು ಡಿ.ವಿ.ಡಿ.ಯನ್ನು ಓದುವುದಿಲ್ಲ, ಹೊಸ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಜಾಗವೂ ಇಲ್ಲ. ಆದರೂ ಎಸೆಯಬೇಡಿ, ಹಠಮಾರಿ ಆಡಿಯೊ ಸಿ.ಡಿ.ಗೆ ಮೂರನೆಯ ಪ್ರಯತ್ನವಾಗಿ ಇರಲಿ.

ಪೆರ್ಲದ ಮಾಷ್ಟ್ರು:
ಬ್ಲೂ-ರೇ ಬಗ್ಗೆ ನಾನು ಹೇಳುತ್ತೇನೆ. ಒಂದು ಪದರದ ಡಿಸ್ಕಿನಲ್ಲಿ 25 ಜಿ.ಬಿ., ಎರಡು ಪದರದಲ್ಲಿ 50 ಜಿ.ಬಿ., ಮೂರು ಪದರದಲ್ಲಿ 100 ಜಿ.ಬಿ. ಹಿಡಿಸುತ್ತದೆ ಎಂಬುದು ನಿಜ. ಆದರೆ ನಿಮ್ಮಲ್ಲಿ ಓದಬೇಕಾದ ಬ್ಲೂ-ರೇ ಒಂದೂ ಇಲ್ಲ, ಸಿ.ಡಿ., ಡಿ.ವಿ.ಡಿ.ಗಳನ್ನು ಓದುವಾಗ ಆ ಡ್ರೈವಿನ 405 ನ್ಯಾನೊಮೀಟರಿನ ಲೇಸರ್ ಸುಮ್ಮನೆ ಕುಳಿತಿರುತ್ತದೆ. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಕಂಪನಿ 2025ರ ಫೆಬ್ರವರಿಗೆ ನಿಲ್ಲಿಸಿರುವುದನ್ನೂ ನೆನಪಿಡಬೇಕು. ಆ ಹಣದಲ್ಲಿ ಎರಡನೆಯ ಹಾರ್ಡ್ ಡಿಸ್ಕ್ ಕೊಂಡು, ಒಂದು ಪ್ರತಿ ಗ್ರಂಥಾಲಯದಲ್ಲೂ ಇನ್ನೊಂದು ಬೇರೆ ಕಟ್ಟಡದಲ್ಲೂ ಇರುವಂತೆ ಮಾಡಿ.

ಫೋಟೊಗಳ ಸಿ.ಡಿ.ಗಳನ್ನು ಒಂದೊಂದೇ ಫೈಲಾಗಿ ಎಳೆಯಬೇಡಿ. ಲೆನ್ಸು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ನಿಲ್ಲಲು ಡ್ರೈವಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಬೇಕು, ಹಾರ್ಡ್ ಡಿಸ್ಕಿನ ಹತ್ತು ಪಟ್ಟು. ಮೊದಲು ಇಡೀ ಡಿಸ್ಕಿನ ಇಮೇಜ್ (ಒಂದೇ ಫೈಲಿನಲ್ಲಿ ಪೂರ್ತಿ ನಕಲು) ತೆಗೆದು, ಆಮೇಲೆ ಅದರಿಂದ ಪುಟಗಳನ್ನು ಬಿಡಿಸಿಕೊಳ್ಳಿ.

ಬದಿಯಡ್ಕದ ಗ್ರಂಥಪಾಲಕ:
ಸಮಿತಿಯಲ್ಲಿ ಓದಿ ಹೇಳಿದೆ. ಕ್ಯಾಬಿನೆಟ್ಟಿನೊಳಗೆ ಸಾಟಾ ಎಂಬ ಹೊಸ ಬಗೆಯ ಜೋಡಣೆಯ ಒಂದು ಡಿ.ವಿ.ಡಿ. ಡ್ರೈವ್, ಬೇರೆ ತಯಾರಕರ ಒಂದು ಯು.ಎಸ್.ಬಿ. ತೆಳು ಡ್ರೈವ್, ಎರಡು ಹಾರ್ಡ್ ಡಿಸ್ಕ್‌ಗಳು ಎಂದು ನಿರ್ಧಾರವಾಯಿತು. ವಿ.ಸಿ.ಡಿ. ಕಟ್ಟುಗಳಿಂದ ಆರಂಭಿಸುತ್ತೇವೆ. ಕಲಾವಿದರ ಮತ್ತು ಧ್ವನಿಮುದ್ರಿಸಿದವರ ಒಪ್ಪಿಗೆ ಸಿಕ್ಕಿದವನ್ನು ಮಾತ್ರ ಹೊರಗಿನವರಿಗೆ ಕೇಳಿಸುವುದೆಂದೂ, ಉಳಿದವು ಸಂರಕ್ಷಣೆಗೆ ಮಾತ್ರವೆಂದೂ ಬರೆದಿಟ್ಟಿದ್ದೇವೆ.

ಮುಳ್ಳೇರಿಯದವರು ಕೇಳಿದ 8 ಸೆಂಟಿಮೀಟರಿನ ಡಿ.ವಿ.ಡಿ.ಗಳು ಒಂದು ಡಬ್ಬಿಯಲ್ಲಿ ಸಿಕ್ಕಿವೆ. ಕಂಪ್ಯೂಟರಿಗೆ ಹಾಕಿದರೆ ಕೆಲವು ಖಾಲಿ ಡಿಸ್ಕು ಎಂದು ತೋರಿಸುತ್ತವೆ, ಆದರೆ ಕೆಳಮೈಯಲ್ಲಿ ಬರೆದ ಗುರುತಿನ ಬಣ್ಣ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಮುಳ್ಳೇರಿಯದ ಸ್ಟುಡಿಯೊ:
ಖಾಲಿಯಲ್ಲ, ಅವು ಫೈನಲೈಸ್ ಆಗದ, ಅಂದರೆ ಬರೆದು ಮುಗಿದ ಮೇಲೆ ಮುಕ್ತಾಯಗೊಳಿಸದ ಡಿಸ್ಕುಗಳು. ಚಿತ್ರೀಕರಣ ಮುಗಿದ ಮೇಲೆ ಕ್ಯಾಮೆರಾದಲ್ಲಿ ಆ ಒಂದು ಕೆಲಸವನ್ನು ಮಾಡದಿದ್ದರೆ ಹೆಚ್ಚಿನ ಡ್ರೈವುಗಳಿಗೆ ಒಳಗಿರುವುದು ಕಾಣಿಸುವುದೇ ಇಲ್ಲ. ಯಾವ ಕಾರಣಕ್ಕೂ ಅವುಗಳ ಮೇಲೆ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡವೆನ್ನಿ. ಮೊದಲು ‘ಐಸೊಬಸ್ಟರ್’ ಸಾಫ್ಟ್‌ವೇರಿನಲ್ಲಿ ಎರಡೂ ಡ್ರೈವುಗಳಿಂದ ಓದಿಸಿ ನೋಡಿ. ಫೈನಲೈಸ್ ಆಗದ ಡಿಸ್ಕನ್ನು ತೆರೆಯಲು ಅದಕ್ಕೆ ಬರುತ್ತದೆ. ಅಲ್ಲೂ ಸಿಗದವನ್ನು ಬೇರೆಯಾಗಿ ಎತ್ತಿಟ್ಟು, ಚಿತ್ರೀಕರಿಸಿದವರ ಮನೆಯಲ್ಲಿ ಆ ಕ್ಯಾಮೆರಾ ಇನ್ನೂ ಇದೆಯೇ ಎಂದು ವಿಚಾರಿಸಿ. ಇದ್ದರೆ ಚಾರ್ಜರಿನೊಡನೆ ನನ್ನಲ್ಲಿಗೆ ತನ್ನಿ, ಕುಳಿತು ಒಂದೊಂದಾಗಿ ನೋಡೋಣ.